ಊಟದ ಹೊತ್ತಿಗೆ ನಿಲ್ಲುವ ಸೆಷನ್: ಮೇನ್‌ಫ್ರೇಮ್ ವಿಸ್ವಿಚ್‌ನ ಒಂದು ಪ್ರಕರಣ

ದೂರು ಬಂದದ್ದು ಮಂಗಳೂರಿನ ನಮ್ಮ ಕಚೇರಿಯ ಟೆಸ್ಟಿಂಗ್ ತಂಡದಿಂದ. ಅವರು ಬಳಸುವ ಲಿನಕ್ಸ್ ಸರ್ವರ್‌ಗಳು ಇಲ್ಲಿಲ್ಲ. ಯುರೋಪಿನ ಒಂದು ಡೇಟಾ ಸೆಂಟರಿನಲ್ಲಿರುವ ಐಬಿಎಂ ಮೇನ್‌ಫ್ರೇಮ್ (ಬೃಹತ್ ಕಂಪ್ಯೂಟರ್) ಮೇಲೆ, ಒಂದು ಯಂತ್ರವನ್ನು ಹಲವು ವರ್ಚುವಲ್ ಯಂತ್ರಗಳಾಗಿ ಹಂಚುವ ಝಡ್‌ವಿಎಂ ಎಂಬ ತಂತ್ರಾಂಶದ ಅಡಿಯಲ್ಲಿ ಗೆಸ್ಟ್‌ಗಳಾಗಿ, ಅಂದರೆ ಅಂಥ ವರ್ಚುವಲ್ ಯಂತ್ರಗಳಾಗಿ ಓಡುತ್ತವೆ. ಆ ಝಡ್‌ವಿಎಂ ನೋಡಿಕೊಳ್ಳುವ ಕೆಲಸ ನಮ್ಮ ತಂಡದ್ದು.

ಊಟಕ್ಕೆ ಹೋಗಿ ಬಂದು ಕೀ ಒತ್ತಿದರೆ ದೂರದ ಸರ್ವರ್‌ಗೆ ಲಾಗಿನ್ ಆದ ಎಸ್‌ಎಸ್‌ಎಚ್ ಪರದೆ ಅಲುಗಾಡುವುದಿಲ್ಲ. ಹೊಸ ಸೆಷನ್ ತೆರೆಯಲು ನೋಡಿದರೆ ಅದೂ ಆಗುವುದಿಲ್ಲ. ಸ್ವಲ್ಪ ಹೊತ್ತು ಕಾದರೆ ತನ್ನಷ್ಟಕ್ಕೇ ಸರಿಯಾಗುತ್ತದೆ. ಆಮೇಲೆ ನಿಂತಿದ್ದ ಅದೇ ಸೆಷನ್ ಮುಂದುವರಿಯುತ್ತದೆ, ಒತ್ತಿದ ಕೀಗಳೆಲ್ಲ ಒಟ್ಟಿಗೆ ಪರದೆಗೆ ಬಂದು ಬೀಳುತ್ತವೆ. ಇಷ್ಟೇ ದೂರು. ಆದರೆ ಈ ನಾಲ್ಕು ಸಾಲಿನಲ್ಲಿ ಉತ್ತರದ ಮುಕ್ಕಾಲು ಭಾಗ ಇತ್ತು. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆ ಹೇಗಿದೆ ಅಂತ ಹೇಳಿಬಿಡುತ್ತೇನೆ. ಹೆಸರುಗಳನ್ನೂ ಸಂಖ್ಯೆಗಳನ್ನೂ ಬದಲಿಸಿದ್ದೇನೆ. ಒಂದೇ ಯಂತ್ರದಲ್ಲಿ ಎರಡು ಎಲ್‌ಪಾರ್ (ಯಂತ್ರದ ಪ್ರತ್ಯೇಕ ಪಾಲು), ಎರಡರಲ್ಲೂ ಒಂದೊಂದು ಝಡ್‌ವಿಎಂ. ವಿಎಂ1 ಹಳೆಯದು, ಗ್ರಾಹಕರ ನಿತ್ಯದ ಕೆಲಸ ಅದರಲ್ಲಿ. ವಿಎಂ2 ಟೆಸ್ಟಿಂಗ್‌ಗೆ. ವಿಎಂ2 ಕಟ್ಟುವಾಗ ವಿಎಂ1ರ ಸೆಟ್ಟಿಂಗ್‌ಗಳಿರುವ ಸಿಸ್ಟಮ್ ಕಾನ್ಫಿಗ್ ಫೈಲನ್ನೇ ನಕಲು ಮಾಡಿ, ಹೆಸರು ಮತ್ತು ಡಿವೈಸ್ ಸಂಖ್ಯೆ ಬದಲಿಸಿದ್ದರು. ಇದು ಎಲ್ಲ ಕಡೆ ನಡೆಯುವ ಪದ್ಧತಿ.

ಗೆಸ್ಟ್‌ಗಳಿಗೆ ನೆಟ್‌ವರ್ಕ್ ಕೊಡುವುದು ವಿಸ್ವಿಚ್. ಝಡ್‌ವಿಎಂನ ಕೇಂದ್ರಭಾಗವಾದ ಸಿಪಿಯೇ ಮೆಮೊರಿಯೊಳಗೆ ನಡೆಸುವ ಸ್ವಿಚ್ ಇದು. 2003ರಲ್ಲಿ ಝಡ್‌ವಿಎಂ 4.4ರ ಜತೆ ಬಂತು. ಗೆಸ್ಟಿಗೆ ಒಂದು ವರ್ಚುವಲ್ ನಿಕ್ (ನೆಟ್‌ವರ್ಕ್ ಕಾರ್ಡ್) ಸಿಗುತ್ತದೆ. ಅದಕ್ಕೆ ಮೂರು ಡಿವೈಸ್ ಸಂಖ್ಯೆ: ಓದಲು, ಬರೆಯಲು, ಡೇಟಾಕ್ಕೆ. ನಮ್ಮಲ್ಲಿ 0600, 0601, 0602. ವಿಸ್ವಿಚ್ ಹೊರಜಗತ್ತಿಗೆ ಸೇರುವುದು ಓಎಸ್‌ಎ ಕಾರ್ಡಿನ, ಅಂದರೆ ಮೇನ್‌ಫ್ರೇಮಿನ ನಿಜವಾದ ನೆಟ್‌ವರ್ಕ್ ಕಾರ್ಡಿನ ಮೂಲಕ. ಅಲ್ಲಿಂದ ಕೇಬಲ್ ಡೇಟಾ ಸೆಂಟರಿನ ಮಾಮೂಲಿ ಈಥರ್ನೆಟ್ ಸ್ವಿಚ್‌ಗೆ ಹೋಗುತ್ತದೆ.

ವಿಸ್ವಿಚ್‌ಗೆ ಎರಡು ರೀತಿ ಇದೆ: ಐಪಿ ಮತ್ತು ಈಥರ್ನೆಟ್. ಐಪಿ ರೀತಿಯಲ್ಲಿ ಎಲ್ಲ ಗೆಸ್ಟ್‌ಗಳೂ ಓಎಸ್‌ಎ ಕಾರ್ಡಿನ ಒಂದೇ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಹಿಂದೆ ಇರುತ್ತವೆ. ಒಂದು ಐಪಿ ಯಾವ ಮ್ಯಾಕ್‌ನದ್ದು ಅಂತ ಕೇಳುವ ಎಆರ್‌ಪಿಗೆ ಉತ್ತರ ಕೊಡುವುದೂ ಕಾರ್ಡೇ. ಈಥರ್ನೆಟ್ ರೀತಿಯಲ್ಲಿ ಪ್ರತಿ ಗೆಸ್ಟಿನ ಸ್ವಂತ ಮ್ಯಾಕ್ ಹೊರಗಿನ ಸ್ವಿಚ್‌ವರೆಗೂ ಕಾಣುತ್ತದೆ. ನಮ್ಮ ಗ್ರಾಹಕರು ವರ್ಷಗಟ್ಟಲೆ ಐಪಿ ರೀತಿಯಲ್ಲೇ ಇದ್ದರು. ಎರಡು ಓಎಸ್‌ಎ ಪೋರ್ಟ್‌ಗಳನ್ನು ಸೇರಿಸಿ ಒಂದು ಲಿಂಕ್ ಮಾಡಬೇಕು, ಅಂದರೆ ಎಲ್‌ಎಸಿಪಿ ಬೇಕು ಅಂತ ತೀರ್ಮಾನವಾಯಿತು. ವಿಸ್ವಿಚ್‌ನಲ್ಲಿ ಅದು ಈಥರ್ನೆಟ್ ರೀತಿಗೆ ಮಾತ್ರ ಸಾಧ್ಯ. ಹಾಗಾಗಿ ಒಂದು ವಾರಾಂತ್ಯದಲ್ಲಿ ಎರಡೂ ಝಡ್‌ವಿಎಂಗಳ ವಿಸ್ವಿಚ್ ತೆಗೆದು, ಈಥರ್ನೆಟ್ ರೀತಿಯಲ್ಲಿ ಹೊಸದಾಗಿ ಕಟ್ಟಲಾಯಿತು.

ಸೋಮವಾರ ಬಂದ ತೊಂದರೆಗಳು ಬೇರೆಯೇ. ಕೆಲವು ಗೆಸ್ಟ್‌ಗಳಲ್ಲಿ ಲಿನಕ್ಸಿನ ಲೇಯರ್2 ಸೆಟ್ಟಿಂಗ್ (ಐಪಿ ರೀತಿಗೆ 0, ಈಥರ್ನೆಟ್ ರೀತಿಗೆ 1) ಹಳೆಯ 0 ಆಗಿಯೇ ಉಳಿದಿತ್ತು, ಅದನ್ನು 1 ಮಾಡಿದೆವು. ಒಂದೆರಡು ಗೆಸ್ಟ್‌ಗಳಿಗೆ ವಿಸ್ವಿಚ್ ಸೇರಲು ಅನುಮತಿಯೇ ಇರಲಿಲ್ಲ. ಹಿಂದೆ ಯಾರೋ ಸೆಟ್ ವಿಸ್ವಿಚ್ ಗ್ರಾಂಟ್ ಆದೇಶವನ್ನು ಕೈಯಾರೆ ಕೊಟ್ಟಿದ್ದರು, ಕಾನ್ಫಿಗ್‌ನಲ್ಲಿ ಬರೆದಿರಲಿಲ್ಲ. ವಿಸ್ವಿಚ್ ಹೋದಾಗ ಅದೂ ಹೋಯಿತು. ಇವೆಲ್ಲ ಅರ್ಧ ದಿನದ ಕೆಲಸ. ಪೂರ್ತಿ ಸತ್ತಿರುವ ನೆಟ್‌ವರ್ಕ್ ಹುಡುಕುವುದು ಸುಲಭ. ಬಿಟ್ಟು ಬಿಟ್ಟು ಸಾಯುವುದೇ ಕಷ್ಟ.

ಊಟದ ನಂತರದ ದೂರು ಬಂದದ್ದು ಆ ವಾರದಲ್ಲೇ. ಮಳೆಗಾಲ ಜೋರಾಗಿತ್ತು. ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಲಿಂಕ್ ಹೋದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಮರ ಬಿದ್ದು ಕೇಬಲ್ ಹೋಗಿರಬೇಕು ಅಂತ. ತಪ್ಪೇನಲ್ಲ, ಎಷ್ಟೋ ಸಲ ಅದೇ ಆಗಿರುತ್ತದೆ. ಆದರೆ ಇದನ್ನು ಪರೀಕ್ಷಿಸುವುದು ಸುಲಭ. ಸೆಷನ್ ನಿಂತಿದ್ದಾಗಲೇ ಅದೇ ವಿಪಿಎನ್ ಮೂಲಕ ಡೇಟಾ ಸೆಂಟರಿನ ಒಂದು ಜಂಪ್ ಸರ್ವರ್‌ಗೆ (ಒಳಗಿನ ಯಂತ್ರಗಳಿಗೆ ಹೋಗಲು ದಾರಿಯಾದ ಸರ್ವರ್) ಹೋದೆವು. ಅದು ಸಲೀಸಾಗಿ ತೆರೆಯಿತು. ಅಲ್ಲಿಂದ ತೊಂದರೆಯ ಗೆಸ್ಟಿಗೆ, ಇದ್ದೀಯಾ ಅಂತ ಕೇಳುವ ಪಿಂಗ್ ಮಾಡಿದರೆ ಉತ್ತರ ಇಲ್ಲ. ಅಂದಮೇಲೆ ಮಂಗಳೂರಿನ ಮಳೆಗೂ ಇದಕ್ಕೂ ಸಂಬಂಧ ಇಲ್ಲ.

ಎರಡನೆಯ ಅನುಮಾನ ಫೈರ್‌ವಾಲ್. ಸುಮ್ನೆ ಕೂತ ಸೆಷನ್ನನ್ನು ಫೈರ್‌ವಾಲ್ ಮರೆತುಬಿಡುವುದು ಉಂಟು. ಆದರೆ ಹಾಗಾದರೆ ಹಳೆಯ ಸೆಷನ್ ಸತ್ತು ಹೋಗಬೇಕು, ಹೊಸದು ತಕ್ಷಣ ತೆರೆಯಬೇಕು. ಇಲ್ಲಿ ಪೂರ್ತಿ ಉಲ್ಟಾ. ಹೊಸದು ತೆರೆಯುವುದಿಲ್ಲ, ಹಳೆಯದು ಎದ್ದು ಬರುತ್ತದೆ. ಜಂಪ್ ಸರ್ವರ್ ಮತ್ತು ಗೆಸ್ಟಿನ ನಡುವೆ ಆ ಫೈರ್‌ವಾಲ್ ಇರಲೂ ಇಲ್ಲ.

ಮೂರನೆಯದು ಹೊಸ ಎಲ್‌ಎಸಿಪಿ. ಇದರ ಮೇಲೆ ನಾವು ಜಾಸ್ತಿ ಹೊತ್ತು ಕಳೆದೆವು. ಎರಡು ಪೋರ್ಟಿನಲ್ಲಿ ಒಂದು ಕೆಟ್ಟಿದ್ದರೆ ಕೆಲವು ಸಂಪರ್ಕ ಹೋಗುತ್ತದೆ, ಕೆಲವು ಇಲ್ಲ. ಲಕ್ಷಣ ಸರಿಹೊಂದುವಂತೆ ಕಾಣುತ್ತದೆ, ಅಲ್ವಾ? ವಿಎಂ2ರಲ್ಲಿ ವಿಸ್ವಿಚ್‌ನ ಸ್ಥಿತಿ ತೋರಿಸುವ ಕ್ವೆರಿ ವಿಸ್ವಿಚ್ ಡೀಟೇಲ್ಸ್ ಆದೇಶ ಕೊಟ್ಟೆವು. ವಿಸ್ವಿಚ್ ರೆಡಿ, ಗುಂಪಿನ ಎರಡೂ ಪೋರ್ಟ್ ಆ್ಯಕ್ಟಿವ್. ತೊಂದರೆಯ ಗೆಸ್ಟ್, ಎಲ್‌ಟಿ04 ಅಂತ ಕರೆಯೋಣ, ಪಟ್ಟಿಯಲ್ಲಿ ಇದೆ, ವಿಎಲ್ಯಾನ್ (ಒಂದೇ ನೆಟ್‌ವರ್ಕಿನೊಳಗಿನ ಪ್ರತ್ಯೇಕ ವಿಭಾಗ) ಸರಿ ಇದೆ. ಸಮಯ ಗೊತ್ತುಮಾಡಿ ಒಂದು ಪೋರ್ಟನ್ನು ಗುಂಪಿನಿಂದ ಹೊರಗಿಟ್ಟು ನೋಡಿದೆವು, ಆಮೇಲೆ ಇನ್ನೊಂದನ್ನು. ಎರಡೂ ಸಲ ತೊಂದರೆ ಹಾಗೇ ಇತ್ತು.

ಈ ಮಧ್ಯೆ ಒಂದು ವಿಚಿತ್ರ ಗಮನಕ್ಕೆ ಬಂತು. ಗೆಸ್ಟಿನ ನೆಟ್‌ವರ್ಕ್ ಹೋದರೂ 3270 ಕನ್ಸೋಲ್ (ಮೇನ್‌ಫ್ರೇಮಿನ ಟರ್ಮಿನಲ್ ಪರದೆ) ಮೂಲಕ ಒಳಗೆ ಹೋಗಬಹುದು. ಅದರ ದಾರಿ ಬೇರೆ, ಝಡ್‌ವಿಎಂನ ಸ್ವಂತ ನೆಟ್‌ವರ್ಕ್ ಸೇವೆಯಾದ ಟಿಸಿಪಿಐಪಿ ಮೂಲಕ. ನಮ್ಮ ತಂಡದ ಕಿರಿಯ ಇಂಜಿನಿಯರ್, ಉಡುಪಿ ಕಡೆಯವರು, ಕನ್ಸೋಲಿನಲ್ಲಿ ಕೂತು ಎಲ್‌ಟಿ04ರಿಂದ ಗೇಟ್‌ವೇಗೆ (ನೆಟ್‌ವರ್ಕಿನ ಹೊರಬಾಗಿಲು) ಪಿಂಗ್ ಕೊಟ್ಟರು. ಎಲ್ಲ ಉತ್ತರವೂ ಬಂತು. ಅದೇ ಕ್ಷಣಕ್ಕೆ ಟೆಸ್ಟರ್ ಫೋನಿನಲ್ಲಿ, "ಮಾರಾಯ್ರೆ, ಈಗ ಸರಿ ಆಯ್ತು. ನೀವು ಎಂತ ಮಾಡಿದ್ದು?" ಅಂದರು.

ನಾವು ಏನೂ ಮಾಡಿರಲಿಲ್ಲ. ಬರೀ ಒಳಗಿಂದ ಹೊರಗೆ ಪಿಂಗ್.

ಮರುದಿನ ಅದನ್ನೇ ಬೇಕೆಂದು ಮಾಡಿ ನೋಡಿದೆವು. ಗೆಸ್ಟನ್ನು ಸುಮ್ನೆ ಬಿಟ್ಟರೆ ಹೊರಗಿಂದ ತಲುಪಲು ಆಗುವುದಿಲ್ಲ. ಗೆಸ್ಟ್ ತಾನೇ ಒಂದು ಪ್ಯಾಕೆಟ್ (ಡೇಟಾದ ತುಣುಕು) ಕಳಿಸಿದರೆ ಸಾಕು, ಹೊರಗಿನವರಿಗೂ ದಾರಿ ತೆರೆಯುತ್ತದೆ. ಪಿಂಗ್ ಓಡುತ್ತಲೇ ಇದ್ದರೆ ತೊಂದರೆಯೇ ಇಲ್ಲ. ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇದೇ. ಕೆಟ್ಟ ಕೇಬಲ್, ತಪ್ಪು ವಿಎಲ್ಯಾನ್, ಇಲ್ಲದ ಅನುಮತಿ, ಇವು ಯಾವುವೂ ಗೆಸ್ಟ್ ಮಾತಾಡಿದ ಕೂಡಲೇ ಸರಿಹೋಗುವುದಿಲ್ಲ. ಮಾತಾಡಿದವರನ್ನು ನೋಡಿ ದಾರಿ ಕಲಿಯುವ ವಸ್ತು ಈ ಸಾಲಿನಲ್ಲಿ ಒಂದೇ: ಹೊರಗಿನ ಸ್ವಿಚ್. ಯಾವ ಮ್ಯಾಕ್ ಯಾವ ಪೋರ್ಟಿನಿಂದ ಬಂತು ಅಂತ ಅದು ಬರೆದಿಟ್ಟುಕೊಳ್ಳುತ್ತದೆ. ಮುಂದೆ ಆ ಮ್ಯಾಕ್‌ಗೆ ಬಂದದ್ದನ್ನು ಆ ಪೋರ್ಟಿಗೇ ಕಳಿಸುತ್ತದೆ.

ಅಲ್ಲಿವರೆಗೆ ನಾವು ನೆಟ್‌ವರ್ಕ್ ತಂಡದವರನ್ನು ಕೇಳುತ್ತಿದ್ದದ್ದು, "ನಿಮ್ಮ ಕಡೆ ಎಲ್ಲ ಸರಿ ಇದೆಯಾ?" ಅಂತ. ಉತ್ತರ "ಸರಿ ಇದೆ" ಅಂತಲೇ ಬರುತ್ತಿತ್ತು, ಅದು ಸುಳ್ಳೂ ಅಲ್ಲ. ಈ ಸಲ ಪ್ರಶ್ನೆ ಬದಲಾಯಿತು. ಎಲ್‌ಟಿ04ರಲ್ಲಿ ಕ್ವೆರಿ ನಿಕ್ ಡೀಟೇಲ್ಸ್ ಕೊಟ್ಟು ಮ್ಯಾಕ್ ತೆಗೆದೆವು: 02-00-00-00-00-17. ತೊಂದರೆ ಇರುವ ಹೊತ್ತಿನಲ್ಲೇ, "ಈ ಮ್ಯಾಕ್ ಈಗ ಯಾವ ಪೋರ್ಟಿನ ಮೇಲೆ ಕಾಣುತ್ತಿದೆ?" ಅಂತ ಕೇಳಿದೆವು.

ಬಂದ ಉತ್ತರ: ಪೋರ್ಟ್ ಚಾನೆಲ್ (ಒಂದೇ ಲಿಂಕಾಗಿ ಸೇರಿಸಿದ ಪೋರ್ಟ್‌ಗಳ ಗುಂಪು) 21. ವಿಎಂ2 ಜೋಡಿಸಿರುವುದು 22ಕ್ಕೆ. 21 ಯಾರದ್ದು ಅಂತ ನೋಡಿದರೆ ವಿಎಂ1ರದ್ದು.

ವಿಎಂ1ರಲ್ಲಿ ಕ್ವೆರಿ ವಿಸ್ವಿಚ್ ಡೀಟೇಲ್ಸ್ ಕೊಟ್ಟು, ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತೆವು. "ಸಾರ್, ಇಲ್ಲಿ ನೋಡಿ, ಎರಡು ಕಡೆಯೂ 17 ಉಂಟು," ಅಂದರು ಆ ಕಿರಿಯ ಇಂಜಿನಿಯರ್. ವಿಎಂ1ರ ಎಲ್‌ಪಿ11 ಎಂಬ ಗೆಸ್ಟಿಗೂ ಅದೇ ಮ್ಯಾಕ್. ಕೊನೆಯ ಅಂಕಿಯವರೆಗೂ ಅದೇ. ಅದರ ಮೇಲೆ ವಿಎಲ್ಯಾನ್ ಕೂಡ ಒಂದೇ.

ಇದು ಹೇಗೆ ಆಯಿತು? ಝಡ್‌ವಿಎಂ ಗೆಸ್ಟಿಗೆ ಕೊಡುವ ಮ್ಯಾಕ್‌ನಲ್ಲಿ ಎರಡು ಭಾಗ. ಮೊದಲ ಮೂರು ಬೈಟ್ ಮ್ಯಾಕ್‌ಪ್ರಿಫಿಕ್ಸ್, ಇಡೀ ಸಿಸ್ಟಮ್‌ಗೆ ಒಂದೇ. ಉಳಿದ ಮೂರು ಬೈಟ್ ಮ್ಯಾಕ್‌ಐಡಿ, ನಿಕ್ ಹುಟ್ಟುವಾಗ ಸಿಪಿ ಕೊಡುವ ಸಂಖ್ಯೆ. ಸಿಸ್ಟಮ್ ಕಾನ್ಫಿಗ್‌ನ ವಿಎಂಲ್ಯಾನ್ ಸಾಲಿನಲ್ಲಿ ಪ್ರಿಫಿಕ್ಸ್ ಬರೆಯದಿದ್ದರೆ 020000 ಅಂತ ತೆಗೆದುಕೊಳ್ಳುತ್ತದೆ. ಕದ್ರಿಯಲ್ಲೊಂದು, ಬಿಜೈಯಲ್ಲೊಂದು ಅಪಾರ್ಟ್‌ಮೆಂಟ್ ಇದೆ ಅಂತಿಟ್ಟುಕೊಳ್ಳಿ. ಎರಡರಲ್ಲೂ ಫ್ಲ್ಯಾಟ್ 101 ಇರುತ್ತದೆ, ತೊಂದರೆ ಇಲ್ಲ. ಆದರೆ ಎರಡು ಕಟ್ಟಡಕ್ಕೂ ಒಂದೇ ಹೆಸರಿದ್ದು, ಪಾರ್ಸೆಲ್ ಮೇಲೆ ಬೇರೇನೂ ಬರೆಯದಿದ್ದರೆ? ವಿಎಂ1ರಲ್ಲಿ ಪ್ರಿಫಿಕ್ಸ್ ಬರೆದಿರಲಿಲ್ಲ. ಅದನ್ನು ನಕಲು ಮಾಡಿದ ವಿಎಂ2ರಲ್ಲೂ ಇರಲಿಲ್ಲ. ಎರಡೂ ಸಿಪಿಗಳು ಒಂದರಿಂದ ಎಣಿಸುತ್ತಾ ಹೋದವು. ಸಿಪಿ ತನ್ನ ಮನೆಯೊಳಗೆ ಮ್ಯಾಕ್ ಎರಡಾಗದಂತೆ ನೋಡಿಕೊಳ್ಳುತ್ತದೆ. ಪಕ್ಕದ ಎಲ್‌ಪಾರ್‌ನಲ್ಲಿ ಏನಿದೆ ಅಂತ ಅದಕ್ಕೆ ತಿಳಿಯುವ ದಾರಿ ಇಲ್ಲ. ಹಾಗಾಗಿ ಒಂದೊಂದು ಸಿಸ್ಟಮ್ ಬೇರೆ ಬೇರೆಯಾಗಿ ನೋಡಿದಷ್ಟು ಕಾಲ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಐಪಿ ರೀತಿಯಲ್ಲಿದ್ದಾಗಲೂ ಈ ಜೋಡಿ ಮ್ಯಾಕ್‌ಗಳು ಇದ್ದವು. ಆಗ ಹೊರಗೆ ಕಾಣುತ್ತಿದ್ದದ್ದು ಓಎಸ್‌ಎ ಮ್ಯಾಕ್ ಮಾತ್ರ, ಯಾರಿಗೂ ಬಾಧಕ ಆಗಿರಲಿಲ್ಲ. ಈಥರ್ನೆಟ್ ರೀತಿ ಬಂದ ದಿನ ಅವು ಹೊರಗೆ ಬಂದವು. ಎರಡೂ ಎಲ್‌ಪಾರ್ ಒಂದೇ ಓಎಸ್‌ಎ ಪೋರ್ಟ್ ಹಂಚಿಕೊಂಡಿದ್ದರೆ ಕಾರ್ಡೇ ಎರಡನೆಯ ಮ್ಯಾಕ್ ನೋಂದಾಯಿಸಲು ಒಪ್ಪುತ್ತಿರಲಿಲ್ಲ, ಮೊದಲ ದಿನವೇ ಗೊತ್ತಾಗುತ್ತಿತ್ತು. ಇಲ್ಲಿ ಎರಡಕ್ಕೂ ಪ್ರತ್ಯೇಕ ಕಾರ್ಡ್. ಯಾವ ಕಾರ್ಡಿಗೂ ಅನುಮಾನ ಬರಲಿಲ್ಲ.

ಈಗ ಊಟದ ಹೊತ್ತಿನ ಲೆಕ್ಕ. ನಮ್ಮ 12:30 ಎಂದರೆ ಬೇಸಿಗೆಯಲ್ಲಿ ಮಧ್ಯ ಯುರೋಪಿನ ಬೆಳಿಗ್ಗೆ 9. ಅಲ್ಲಿ ಜನ ಕೆಲಸ ಶುರು ಮಾಡುತ್ತಾರೆ, ಎಲ್‌ಪಿ11 ಬಿಡುವಿಲ್ಲದೆ ಪ್ಯಾಕೆಟ್ ಕಳಿಸುತ್ತದೆ. ಇಲ್ಲಿ ಟೆಸ್ಟರ್‌ಗಳು ಊಟಕ್ಕೆ ಎದ್ದು ಹೋಗುತ್ತಾರೆ, ಎಲ್‌ಟಿ04 ಮಾತು ನಿಲ್ಲಿಸುತ್ತದೆ. ಸ್ವಿಚ್‌ನ ಪಟ್ಟಿಯಲ್ಲಿ 17 ಎಂಬ ಮ್ಯಾಕ್ 21ರ ಮೇಲೆ ಕೂರುತ್ತದೆ. ಟೆಸ್ಟರ್ ವಾಪಸ್ ಬಂದು ಒತ್ತಿದ ಕೀ ವಿಎಂ1ಕ್ಕೆ ಹೋಗಿ, ಎಲ್‌ಪಿ11ರ ಕೈ ಸೇರುತ್ತದೆ. ಐಪಿ ತನ್ನದಲ್ಲ ಅಂತ ಎಲ್‌ಪಿ11 ಸದ್ದಿಲ್ಲದೆ ಅದನ್ನು ಬಿಸಾಡುತ್ತದೆ. ಎಲ್‌ಟಿ04ಗೆ ಏನೂ ಬಂದಿಲ್ಲ, ಹಾಗಾಗಿ ಅದು ಉತ್ತರ ಕೊಡುವ ಪ್ರಶ್ನೆಯೇ ಇಲ್ಲ. ಅದು ತಾನಾಗಿ ಬಾಯಿ ತೆರೆಯುವುದು ಗಡಿಯಾರ ಸರಿಪಡಿಸಲು ಎನ್‌ಟಿಪಿ ಸರ್ವರ್‌ನ್ನು ಕೇಳುವಾಗ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಆ ಅಂತರ 64ರಿಂದ 1024 ಸೆಕೆಂಡ್. ಆ ಒಂದು ಪ್ಯಾಕೆಟ್ ಹೊರಟ ಕೂಡಲೇ ಮ್ಯಾಕ್ 22ಕ್ಕೆ ಮರಳುತ್ತದೆ. ಅಷ್ಟರಲ್ಲಿ ಟೆಸ್ಟರ್ ಕಡೆಯ ಟಿಸಿಪಿ (ತಲುಪದ ಡೇಟಾವನ್ನು ಮತ್ತೆ ಕಳಿಸುವ ವ್ಯವಸ್ಥೆ) ಮತ್ತೆ ಕಳಿಸಿದ ಕೀಗಳು ತಲುಪಿದರೆ ಸೆಷನ್ ಏಳುತ್ತದೆ. ಕೂಡಲೇ ಎಲ್‌ಟಿ04 ಉತ್ತರ ಕೊಡುವುದರಿಂದ ದಾರಿ ತೆರೆದೇ ಇರುತ್ತದೆ. ತನ್ನಷ್ಟಕ್ಕೇ ಸರಿಯಾಗುತ್ತದೆ ಎಂಬ ದೂರಿನ ಸಾಲಿಗೆ ಅರ್ಥ ಇದು.

ಎಲ್‌ಪಿ11ರವರು ಯಾಕೆ ದೂರು ಕೊಡಲಿಲ್ಲ? ಅದು ಸದಾ ಮಾತಾಡುವ ಗೆಸ್ಟ್. ಮ್ಯಾಕ್ ಆ ಕಡೆ ಹೋದರೂ ಮರುಕ್ಷಣ ಇದರ ಮುಂದಿನ ಪ್ಯಾಕೆಟ್ ವಾಪಸ್ ಎಳೆದುಕೊಳ್ಳುತ್ತದೆ. ನಷ್ಟ ಏನಿದ್ದರೂ ಒಂದೆರಡು ಪ್ಯಾಕೆಟ್ ಮತ್ತೆ ಕಳಿಸಬೇಕಾದದ್ದು ಅಷ್ಟೆ. ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟಾದರೂ ಇದು ನಮ್ಮ ಊಹೆಯೇ. ಕಣ್ಣಾರೆ ನೋಡಬೇಕಿತ್ತು. ಎಲ್‌ಪಿ11ರ ಆಡಳಿತದವರ ಒಪ್ಪಿಗೆ ಪಡೆದು, ಅದರಲ್ಲಿ ಬರುವ ಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಓಡಿಸಿ, ಎಲ್‌ಟಿ04ರ ಐಪಿಗೆ ಹೋಗುವ ಪ್ಯಾಕೆಟ್ ಮಾತ್ರ ತೋರಿಸು ಅಂತ ಹೇಳಿದೆವು. ಈ ಐಪಿ ಎಲ್‌ಪಿ11ರದ್ದಲ್ಲ, ಹಾಗಾಗಿ ಪರದೆ ಖಾಲಿ ಇರಬೇಕು. ಟೆಸ್ಟರ್ ಕೀ ಒತ್ತಿದರು. ಮಂಗಳೂರಿನ ಆ ಎಸ್‌ಎಸ್‌ಎಚ್ ಪ್ಯಾಕೆಟ್‌ಗಳು ಒಂದಾದ ಮೇಲೊಂದು ಎಲ್‌ಪಿ11ರ ಪರದೆಯಲ್ಲಿ ಬಂದವು. ಅದಾದ ಮೇಲೆ ಯಾರೂ ಮಳೆ, ಫೈರ್‌ವಾಲ್, ಎಲ್‌ಎಸಿಪಿ ಅನ್ನಲಿಲ್ಲ.

ನೆಟ್‌ವರ್ಕ್ ತಂಡದವರು ತಮ್ಮ ಲಾಗ್ ತೆಗೆದು ನೋಡಿದರು. ಮ್ಯಾಕ್ 21 ಮತ್ತು 22ರ ನಡುವೆ ಓಡಾಡುತ್ತಿದೆ ಎಂಬ ಸೂಚನೆ ಆ ವಾರಾಂತ್ಯದಿಂದಲೇ ಇತ್ತು. ಅವರು ಅದನ್ನು ಬಿಟ್ಟದ್ದಕ್ಕೆ ಕಾರಣ ಇದೆ. ವಿಎಂವೇರ್‌ನಂಥ ಬೇರೆ ವರ್ಚುವಲ್ ಯಂತ್ರದ ತಂತ್ರಾಂಶಗಳ ಕಡೆ ಗೆಸ್ಟ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಜಿಗಿದರೆ ಮ್ಯಾಕ್ ಪೋರ್ಟ್ ಬದಲಿಸುವುದು ಸಹಜ. ಅಲ್ಲಿನ ಮ್ಯಾಕ್‌ಗಳು ಸಾಮಾನ್ಯವಾಗಿ 00-50-56 ಅಂತ ಶುರುವಾಗುತ್ತವೆ, ನೋಡಿದ ಕೂಡಲೇ ಯಾರದ್ದು ಅಂತ ಗೊತ್ತಾಗುತ್ತದೆ. 02 ಅಂತ ಶುರುವಾಗುವುದು ಸ್ಥಳೀಯವಾಗಿ ಇಟ್ಟುಕೊಂಡ ಮ್ಯಾಕ್. ಯಾವ ಕಂಪನಿಯ ಪಟ್ಟಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದು ಮೇನ್‌ಫ್ರೇಮಿನದ್ದು ಅಂತ ಅವರಿಗೆ ನಾವು ಹೇಳದೆ ತಿಳಿಯುವುದು ಹೇಗೆ?

ಇನ್ನೊಂದು ಮಾತು. ನಡುವೆ ಒಬ್ಬರು ಎಲ್‌ಟಿ04ನ್ನು ರೀಬೂಟ್ ಮಾಡಿಸಿದ್ದರು, ಗುಣ ಆಗಿರಲಿಲ್ಲ. ನಿಕ್ ಹುಟ್ಟುವುದು ಗೆಸ್ಟ್ ಝಡ್‌ವಿಎಂಗೆ ಲಾಗಾನ್ ಆದಾಗ. ಒಳಗಿನ ಲಿನಕ್ಸ್ ಎಷ್ಟು ಸಲ ಎದ್ದು ಬಿದ್ದರೂ ನಿಕ್ ಅದೇ, ಮ್ಯಾಕ್ ಅದೇ. ಪೂರ್ತಿ ಲಾಗಾಫ್ ಮಾಡಿ ಲಾಗಾನ್ ಮಾಡಿದ್ದರೆ ಬೇರೆ ಮ್ಯಾಕ್‌ಐಡಿ ಸಿಕ್ಕಿ, ಎಲ್‌ಟಿ04 ಗುಣವಾದಂತೆ ಕಾಣುವ ಸಾಧ್ಯತೆ ಇತ್ತು. ತೊಂದರೆ ಬೇರೆ ಯಾವುದೋ ಗೆಸ್ಟಿನ ತಲೆಗೆ ಹೋಗುತ್ತಿತ್ತು ಅಷ್ಟೆ. ಹಾಗಾಗಿ ನೆಟ್‌ವರ್ಕ್ ತೊಂದರೆಯಲ್ಲಿ ರೀಬೂಟ್ ಮತ್ತು ಲಾಗಾಫ್ ಎರಡನ್ನೂ ಒಂದೇ ಅಂತ ಬರೆದಿಡಬೇಡಿ. ಯಾವುದು ಮಾಡಿದಿರಿ, ಅದರ ಹಿಂದೆ ಮುಂದೆ ಮ್ಯಾಕ್ ಏನಿತ್ತು, ಎರಡೂ ಬರೆದಿಡಿ.

ಸರಿಪಡಿಸುವ ನಿಜವಾದ ದಾರಿ ಪ್ರತಿ ಝಡ್‌ವಿಎಂಗೂ ಬೇರೆ ಮ್ಯಾಕ್‌ಪ್ರಿಫಿಕ್ಸ್. ವಿಎಂ1ಕ್ಕೆ 020001, ವಿಎಂ2ಕ್ಕೆ 020002 ಅಂತ ಸಿಸ್ಟಮ್ ಕಾನ್ಫಿಗ್‌ನಲ್ಲಿ ಬರೆದೆವು. ಆದರೆ ಆ ಸಾಲನ್ನು ಓದುವುದು ಐಪಿಎಲ್, ಅಂದರೆ ಝಡ್‌ವಿಎಂ ಹೊಸದಾಗಿ ಶುರುವಾಗುವ ಹೊತ್ತಿಗೆ. ವಾರದ ನಡುವೆ ಇಡೀ ಝಡ್‌ವಿಎಂ ಐಪಿಎಲ್ ಮಾಡಲು ಗ್ರಾಹಕರು ಒಪ್ಪಲಿಲ್ಲ, ಒಪ್ಪಬೇಕೆಂದು ನಾವೂ ಕೇಳಲಿಲ್ಲ. ಅಲ್ಲಿವರೆಗೆ ವಿಎಂ2ರ ಗೆಸ್ಟ್‌ಗಳಿಗೆ ಯೂಸರ್ ಡೈರೆಕ್ಟರಿಯಲ್ಲಿ (ಗೆಸ್ಟ್‌ಗಳ ವಿವರ ಇರುವ ಫೈಲು) ನಿಕ್ ಗೊತ್ತುಮಾಡುವ ನಿಕ್‌ಡೆಫ್ ಸಾಲಿನಲ್ಲಿ ಮ್ಯಾಕ್‌ಐಡಿಯನ್ನು ನಾವೇ ಬರೆದೆವು, 200001ರಿಂದ ಮೇಲೆ. ಒಂದರಿಂದ ಎಣಿಸುವ ವಿಎಂ1 ಅಷ್ಟು ದೂರ ಬರುವುದಿಲ್ಲ. ಎಲ್ಲ ಗೆಸ್ಟಿಗೂ ತಕ್ಷಣ ಬೇಕಿರಲಿಲ್ಲ. ಎರಡು ಪಟ್ಟಿಯಲ್ಲಿ ಜೋಡಿಯಾಗಿದ್ದ ಮ್ಯಾಕ್‌ಗಳು ಸುಮಾರು ಇದ್ದವು, ಆದರೆ ಸ್ವಿಚ್ ಪ್ರತಿ ವಿಎಲ್ಯಾನ್‌ಗೂ ಬೇರೆಯಾಗಿ ಲೆಕ್ಕ ಇಡುತ್ತದೆ. ಒಂದೇ ವಿಎಲ್ಯಾನ್‌ನಲ್ಲಿ ಎದುರುಬದುರಾದವನ್ನು ಮೊದಲು ಬದಲಿಸಿದೆವು. ಸಂಜೆ ಟೆಸ್ಟಿಂಗ್ ಮುಗಿದ ಮೇಲೆ ಒಂದೊಂದನ್ನೇ ಲಾಗಾಫ್, ಲಾಗಾನ್.

ಮ್ಯಾಕ್ ಬದಲಿಸುವ ಮೊದಲು ಒಂದು ವಿಚಾರಣೆ ಬೇಕೇ ಬೇಕು. ಐಪಿ ಹಂಚುವ ಡಿಎಚ್‌ಸಿಪಿಯಲ್ಲಿ ಆ ಮ್ಯಾಕ್‌ಗೆ ಐಪಿ ಕಾದಿರಿಸಿದ್ದಾರಾ? ಯಾವುದಾದರೂ ಸಾಫ್ಟ್‌ವೇರ್ ಲೈಸೆನ್ಸ್ ಮ್ಯಾಕ್‌ಗೆ ಅಂಟಿಕೊಂಡಿದೆಯಾ? ನಮ್ಮಲ್ಲಿ ಎರಡೂ ಇರಲಿಲ್ಲ. ಆದರೆ ಒಂದು ಸುಸೆ ಲಿನಕ್ಸ್ ಗೆಸ್ಟ್ ಮಾತ್ರ ಲಾಗಾನ್ ಆದ ಮೇಲೂ ಹಳೆಯ ಮ್ಯಾಕ್ ಹಿಡಿದುಕೊಂಡೇ ಇತ್ತು. ಕ್ವೆರಿ ನಿಕ್‌ನಲ್ಲಿ ಹೊಸ ಮ್ಯಾಕ್, ಲಿನಕ್ಸಿನ ಐಪಿ ಲಿಂಕ್ ಆದೇಶದಲ್ಲಿ ಹಳೆಯದು. ಅದರ ನೆಟ್‌ವರ್ಕ್ ಸೆಟ್ಟಿಂಗ್‌ಗಳಿರುವ ಐಎಫ್‌ಸಿಎಫ್‌ಜಿ ಫೈಲಿನಲ್ಲಿ ಎಲ್‌ಎಲ್‌ಎಡಿಡಿಆರ್ ಎಂಬ ಸಾಲಿನಲ್ಲಿ ಹಳೆಯ ಮ್ಯಾಕ್ ಬರೆದಿಟ್ಟಿದ್ದರು. ಮ್ಯಾಕ್‌ಪ್ರೊಟೆಕ್ಟ್ ಆನ್ ಇಲ್ಲದಿದ್ದರೆ ಗೆಸ್ಟ್ ತನ್ನ ಮ್ಯಾಕ್ ತಾನೇ ಬದಲಿಸಿಕೊಳ್ಳಬಹುದು, ಸಿಪಿ ತಡೆಯುವುದಿಲ್ಲ. ಆ ಸಾಲು ಅಳಿಸಿದ ಮೇಲೆ ಎರಡೂ ಒಂದಾದವು. ಮ್ಯಾಕ್‌ಗೆ ಸಂಬಂಧಿಸಿದ ಕೆಲಸದಲ್ಲಿ ಈ ಎರಡು ಆದೇಶಗಳನ್ನೂ ಕೊಟ್ಟು ಹೋಲಿಸಿ ನೋಡಬೇಕು. ಒಂದನ್ನೇ ನಂಬಿದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ.

ಮುಂದಿನ ನಿಗದಿತ ಐಪಿಎಲ್‌ಗಳಲ್ಲಿ ಎರಡೂ ಪ್ರಿಫಿಕ್ಸ್ ಜಾರಿಗೆ ಬಂದವು. ಗ್ರಾಹಕರಿಗೆ ಮುಂದೆ ಎರಡನ್ನೂ ಎಸ್‌ಎಸ್‌ಐ ಕ್ಲಸ್ಟರ್ (ಹಲವು ಝಡ್‌ವಿಎಂಗಳನ್ನು ಒಂದಾಗಿ ನಡೆಸುವ ಗುಂಪು) ಮಾಡುವ ಯೋಚನೆ ಇದೆ. 2011ರಲ್ಲಿ ಝಡ್‌ವಿಎಂ 6.2ರ ಜತೆ ಬಂದ ಸೌಲಭ್ಯ ಅದು. ಅಲ್ಲಿ ಪ್ರತಿ ಸದಸ್ಯನ ಮ್ಯಾಕ್‌ಪ್ರಿಫಿಕ್ಸ್ ಬೇರೆ ಇರಲೇಬೇಕು, ನಾವೇ ಬರೆದ ಮ್ಯಾಕ್‌ಐಡಿಗಳ ಮುಂದೆ ಸೇರುವ ಯೂಸರ್‌ಪ್ರಿಫಿಕ್ಸ್ ಎಲ್ಲರದ್ದೂ ಒಂದೇ ಇರಬೇಕು. ಹಾಗಾಗಿ ನಾವು ಬರೆದ ನಿಕ್‌ಡೆಫ್ ಮ್ಯಾಕ್‌ಐಡಿಗಳಿಗೆ 020009 ಅಂತ ಯೂಸರ್‌ಪ್ರಿಫಿಕ್ಸನ್ನೂ ಆಗಲೇ ಎರಡೂ ಕಡೆ ಸೇರಿಸಿದೆವು.

ನೆಟ್‌ವರ್ಕ್ ತಂಡಕ್ಕೆ ಈ ಮೂರು ಪ್ರಿಫಿಕ್ಸ್‌ಗಳ ಪಟ್ಟಿ ಕೊಟ್ಟಿದ್ದೇವೆ. ಇವುಗಳಿಂದ ಶುರುವಾಗುವ ಮ್ಯಾಕ್ ಪೋರ್ಟ್ ಬದಲಿಸಿದರೆ ಸೂಚನೆ ಈಗ ನೇರ ಮಂಗಳೂರಿನ ನಮ್ಮ ತಂಡದ ದೂರುಗಳ ಸರದಿಗೆ ಬರುತ್ತದೆ. ಹೊಸ ಎಲ್‌ಪಾರ್ ಕಟ್ಟುವ ಕಾಗದದಲ್ಲಿ, ನಕಲು ಮಾಡಿದ ಸಿಸ್ಟಮ್ ಕಾನ್ಫಿಗ್‌ನಲ್ಲಿ ಬದಲಿಸಬೇಕಾದ ಸಾಲುಗಳ ಪಟ್ಟಿಗೆ ವಿಎಂಲ್ಯಾನ್ ಸಾಲನ್ನು ಆ ಉಡುಪಿಯ ಇಂಜಿನಿಯರ್ ತಾವೇ ಸೇರಿಸಿದರು.